ಬೇಡವೆಂದವರ ಪಾಲು

೧೭೮೮ನೆಯ ಇಸವಿ ಜೂನ್ ೪ನೆಯ ದಿನ. ಅಮೆರಿಕದ ವರ್ಜೀನಿಯಾ ಸಂಸ್ಥಾನದ ರಾಜಧಾನಿ ರಿಚ್ಮಂಡ್. ಊರಿನ ಗುಡ್ಡದ ಮೇಲೆ ವಿದ್ಯಾಶಾಲೆಗೆಂದು ಕಟ್ಟಿಸಿದ್ದ ದೊಡ್ಡದೊಂದು ಕಟ್ಟಡದಲ್ಲಿ, ಸಂಸ್ಥಾನದ ನಾನಾ ಭಾಗಗಳಿಂದ ಆರಿಸಿ ಬಂದ ಸುಮಾರು ೧೭೦ ಮಂದಿ ಪ್ರತಿನಿಧಿಗಳು ನೆರೆದಿದ್ದರು. ಹಿಂದಿನ ವರ್ಷ ಫಿಲಡೆಲ್ಫಿಯಾ ನಗರದಲ್ಲಿ ಸಿದ್ಧವಾದ ಹೊಸ ರಾಜ್ಯಾಂಗವನ್ನು ವರ್ಜೀನಿಯಾ ಒಪ್ಪಬೇಕೆ ಬೇಡವೆ ಎಂಬುದು ಅವರ ಮುಂದಿದ್ದ ಪ್ರಶ್ನೆ. ಚರ್ಚೆ ಆರಂಭವಾದೊಡನೆಯೇ ಐವತ್ತೆರಡು ವರ್ಷದ ವಕೀಲನೊಬ್ಬನು ಎದ್ದು ನಿಂತನು. ಅವನೇ ಪ್ಯಾಟ್ರಿಕ್ ಹೆನ್ರಿ. ಹದಿಮೂರು ವರ್ಷಗಳ ಹಿಂದೆ ಇದೇ ಊರಿನ ಚರ್ಚಿನಲ್ಲಿ, ಸ್ವಾತಂತ್ರ್ಯವನ್ನು ಕೊಡಿ, ಇಲ್ಲವೇ ಮರಣವನ್ನು ಕೊಡಿ ಎಂದು ಗುಡುಗಿದವನು ಅವನು. ಆ ಭಾಷಣವನ್ನು ಅವನ ಚರಿತ್ರಕಾರನು ಕೇಳಿದವರ ನೆನಪುಗಳಿಂದ ಕೂಡಿಸಿ ಅಚ್ಚು ಮಾಡಿಸಿದ್ದು ನಲವತ್ತೆರಡು ವರ್ಷಗಳ ತರುವಾಯ; ಆದುದರಿಂದ ಅದರಲ್ಲಿ ಹೆನ್ರಿಯ ಮಾತೆಷ್ಟು, ಚರಿತ್ರಕಾರನ ಮಾತೆಷ್ಟು ಎಂಬ ಸಂದೇಹ ಇಂದಿಗೂ ಉಳಿದಿದೆ. ರಿಚ್ಮಂಡಿನ ಸಭೆಯ ವಿಷಯದಲ್ಲಿ ಅಷ್ಟು ಸಂದೇಹಕ್ಕೆ ಎಡೆಯಿಲ್ಲ. ಡೇವಿಡ್ ರಾಬರ್ಟ್‌ಸನ್ ಎಂಬ ಶೀಘ್ರಲಿಪಿಕಾರನು ಅಲ್ಲಿ ಕುಳಿತು ನಡೆದುದನ್ನೆಲ್ಲ ಬರೆದುಕೊಳ್ಳುತ್ತಿದ್ದನು.

ಹೆನ್ರಿಯು ಹೊಸ ರಾಜ್ಯಾಂಗದ ಮೊಟ್ಟಮೊದಲ ಮಾತನ್ನೇ ಹಿಡಿದನು. 'ಜನರಾದ ನಾವು' ಎಂದು ಬರೆಯಲು ಫಿಲಡೆಲ್ಫಿಯಾಕ್ಕೆ ಹೋದವರಿಗೆ ಅಧಿಕಾರ ಕೊಟ್ಟವರು ಯಾರು? 'ಸಂಸ್ಥಾನಗಳಾದ ನಾವು' ಎಂದು ಅವರು ಏಕೆ ಬರೆಯಲಿಲ್ಲ? ಒಪ್ಪಂದ ಮಾಡಿಕೊಳ್ಳುವವು ಸಂಸ್ಥಾನಗಳಲ್ಲವಾದರೆ ಇದು ಒಕ್ಕೂಟವೇ ಅಲ್ಲ. ಎಲ್ಲ ಸಂಸ್ಥಾನಗಳನ್ನೂ ನುಂಗಿ ನಿಂತ ಒಂದೇ ಮಹಾಸರ್ಕಾರ. ಇದು ಶಬ್ದಗಳ ಜಗ್ಗಾಟವೆಂದು ಕಾಣಬಹುದು. ಆದರೆ ಆ ಸಭೆಯು ಮುಂದೆ ಮೂರು ವಾರಗಳಿಗೂ ಹೆಚ್ಚು ಕಾಲ ಕಾದಾಡಿದ್ದು ಈ ಒಂದು ಮಾತಿನ ಸುತ್ತಲೇ.

ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ಇಂಗ್ಲೆಂಡಿನ ದೊರೆಯನ್ನು ತಿರಸ್ಕರಿಸಿದ ಹದಿಮೂರು ಸಂಸ್ಥಾನಗಳು ೧೭೮೧ರಲ್ಲಿ ಜಾರಿಗೆ ಬಂದ ಒಂದು ಸಡಿಲವಾದ ಒಕ್ಕೂಟದಲ್ಲಿ ಬಾಳುತ್ತಿದ್ದವು. ಕೇಂದ್ರದಲ್ಲಿ ಒಂದೇ ಸಭೆ. ದೊಡ್ಡದಾಗಲಿ ಚಿಕ್ಕದಾಗಲಿ ಪ್ರತಿ ಸಂಸ್ಥಾನಕ್ಕೂ ಒಂದೇ ಮತ. ಆ ಸಭೆಗೆ ತೆರಿಗೆ ಹಾಕುವ ಅಧಿಕಾರವಿಲ್ಲ. ಇಷ್ಟು ಹಣ ಕಳುಹಿಸಿರೆಂದು ಸಂಸ್ಥಾನಗಳನ್ನು ಕೇಳಿಕೊಳ್ಳಬಹುದು, ಅಷ್ಟೆ. ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಈ ವ್ಯವಸ್ಥೆಯಲ್ಲಿ ಒಂದು ಅಕ್ಷರವನ್ನು ತಿದ್ದಬೇಕಾದರೂ ಹದಿಮೂರೂ ಸಂಸ್ಥಾನಗಳ ಸಮ್ಮತಿ ಬೇಕು. ಯುದ್ಧದ ಸಾಲ ತೀರಿಸಲೆಂದು ಆಮದು ಸರಕಿನ ಮೇಲೆ ನೂರಕ್ಕೆ ಐದರಂತೆ ಸುಂಕ ಹಾಕಲು ಆ ಸಭೆ ಅನುಮತಿ ಕೇಳಿದಾಗ, ೧೭೮೨ರಲ್ಲಿ, ಎಲ್ಲಕ್ಕಿಂತ ಚಿಕ್ಕದಾದ ರೋಡ್ ಐಲೆಂಡ್ ಒಂದೇ ಒಲ್ಲೆನೆಂದಿತು. ಅಲ್ಲಿಗೆ ಆ ಸುಂಕದ ಕಥೆ ಮುಗಿಯಿತು.

೧೭೮೬ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ರೈತರು ಸಾಲ ತೆರಿಗೆಗಳ ಹೊರೆ ತಾಳಲಾರದೆ, ಜಮೀನು ಜಪ್ತಿ ಮಾಡುತ್ತಿದ್ದ ನ್ಯಾಯಾಲಯಗಳನ್ನು ಮುಚ್ಚಿಸಲು ಹೊರಟರು. ಅವರ ನಾಯಕರಲ್ಲೊಬ್ಬನಾದ ಡೇನಿಯಲ್ ಶೇಸ್ ಸ್ವಾತಂತ್ರ್ಯಯುದ್ಧದಲ್ಲಿ ಹೋರಾಡಿದ ಕ್ಯಾಪ್ಟನ್. ೧೭೮೭ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡಿನ ಆಯುಧಾಗಾರದ ಮುಂದೆ ಫಿರಂಗಿ ಹಾರಿ ದಂಗೆಕಾರರಲ್ಲಿ ನಾಲ್ವರು ಸತ್ತರು. ದಂಗೆ ಅಡಗಿತು, ಆದರೆ ಅದರ ಭಯ ಅಡಗಲಿಲ್ಲ. ಆಸ್ತಿವಂತರೂ ಸಾಲ ಕೊಟ್ಟವರೂ ಬಲವಾದ ಕೇಂದ್ರ ಸರ್ಕಾರ ಬೇಕೆಂದು ಒಕ್ಕೊರಲಿನಿಂದ ಕೂಗಿದರು. ಆ ವರ್ಷದ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಫಿಲಡೆಲ್ಫಿಯಾದಲ್ಲಿ ೫೫ ಮಂದಿ ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಚರ್ಚಿಸಿದರು. ಅವರನ್ನು ಕಳುಹಿಸಿದ್ದು ಹಳೆಯ ಒಪ್ಪಂದವನ್ನು ತಿದ್ದಿ ಬನ್ನಿರೆಂದು. ಅವರು ತಂದದ್ದು ಹೊಚ್ಚ ಹೊಸ ರಾಜ್ಯಾಂಗವನ್ನು. ಅದು ಜಾರಿಗೆ ಬರಲು ಹದಿಮೂರರ ಒಪ್ಪಿಗೆಯೂ ಬೇಡ, ಒಂಬತ್ತು ಸಂಸ್ಥಾನಗಳು ಒಪ್ಪಿದರೆ ಸಾಕೆಂದು ಅವರೇ ಅದರಲ್ಲಿ ಬರೆದುಕೊಂಡಿದ್ದರು. ಹೆನ್ರಿಯ ಪ್ರಶ್ನೆಗೆ ಆಧಾರ ಇಲ್ಲಿತ್ತು.

ಆ ಸಭೆಯಲ್ಲಿ ಕಡೆಯ ದಿನದವರೆಗೂ ಇದ್ದು ಸಹಿ ಹಾಕಲು ಒಪ್ಪದವರು ಮೂವರು. ಅವರಲ್ಲಿ ಹಿರಿಯನು ವರ್ಜೀನಿಯಾದ ಜಾರ್ಜ್ ಮೇಸನ್. ತನ್ನ ಸಂಸ್ಥಾನಕ್ಕಾಗಿ ೧೭೭೬ರಲ್ಲಿಯೇ ಜನರ ಹಕ್ಕುಗಳ ಘೋಷಣೆಯನ್ನು ಬರೆದಿದ್ದ ಪುರುಷ. ಹೊಸ ರಾಜ್ಯಾಂಗಕ್ಕೂ ಅಂಥದೊಂದು ಘೋಷಣೆ ಸೇರಲೆಂದು, ಸಭೆ ಮುಗಿಯಲು ಐದು ದಿನ ಉಳಿದಿರುವಾಗ ಅವನು ಹೇಳಿದನು. ಕೆಲವು ಗಂಟೆಗಳ ಕೆಲಸವೆಂದೂ ಹೇಳಿದನು. ನಾಲ್ಕು ತಿಂಗಳ ಚರ್ಚೆಯಿಂದ ದಣಿದು ಊರಿಗೆ ಹೊರಡುವ ಆತುರದಲ್ಲಿದ್ದ ಸಭೆ ಅದನ್ನು ತಳ್ಳಿಹಾಕಿತು. ಒಂದು ಸಂಸ್ಥಾನವೂ ಅದರ ಪರವಾಗಿ ಮತ ಕೊಡಲಿಲ್ಲ. ಆ ಕೆಲವು ಗಂಟೆಗಳನ್ನು ಉಳಿಸಿಕೊಂಡುದಕ್ಕೆ ರಾಜ್ಯಾಂಗದ ಕರ್ತರು ತೆತ್ತ ಬೆಲೆ ಅಲ್ಪವಲ್ಲ. ಮೇಸನ್ನನು ತನ್ನ ಕೈಯಲ್ಲಿದ್ದ ಅಚ್ಚಿನ ಕರಡಿನ ಬೆನ್ನ ಮೇಲೆಯೇ ಆಕ್ಷೇಪಣೆಗಳನ್ನು ಬರೆದನು. ಹಕ್ಕುಗಳ ಘೋಷಣೆಯಿಲ್ಲ ಎಂಬುದೇ ಅದರ ಮೊದಲ ವಾಕ್ಯ. ಆ ಬರಹ ಪತ್ರಿಕೆಗಳಿಗೆ ಹಬ್ಬಿತು. ಅವನಿಗೂ ನೆರೆಯವನಾದ ಜಾರ್ಜ್ ವಾಷಿಂಗ್ಟನ್ನನಿಗೂ ಇದ್ದ ಬಹುಕಾಲದ ಸ್ನೇಹ ಅಲ್ಲಿಂದ ಮುಂದೆ ಮೊದಲಿನಂತೆ ಉಳಿಯಲಿಲ್ಲ.

ಇನ್ನು ಪಕ್ಷಗಳ ಹೆಸರಿನಲ್ಲಿ ನಡೆದ ಜಾಣತನ. ಸಂಸ್ಥಾನಗಳ ಒಕ್ಕೂಟ ಉಳಿಯಲಿ ಎಂದವರು ಫೆಡರಲಿಸ್ಟರೆನಿಸಿಕೊಳ್ಳಬೇಕಾಗಿತ್ತು. ಆದರೆ ಬಲವಾದ ಕೇಂದ್ರ ಬೇಕೆಂದವರು ಆ ಹೆಸರನ್ನು ತಾವೇ ಮೊದಲು ಹೊದ್ದುಕೊಂಡು, ಎದುರಾಳಿಗಳನ್ನು ಆ್ಯಂಟಿ ಫೆಡರಲಿಸ್ಟರೆಂದು ಕರೆದುಬಿಟ್ಟರು. ಬೇಡವೆನ್ನುವವರೆಂಬ ಹಣೆಪಟ್ಟಿ ಅಂಟಿತು. ಸಹಿ ಹಾಕದ ಮೂವರಲ್ಲೊಬ್ಬನಾದ ಎಲ್ಬ್ರಿಜ್ ಗೆರಿಯು ಇದನ್ನು ಮರೆಯಲಿಲ್ಲ. ಒಂದು ಪಕ್ಷದವರು ರಾಜ್ಯಾಂಗವನ್ನು 'ರ‍್ಯಾಟಿಫೈ' ಮಾಡಿ ಎಂದವರು, ಇನ್ನೊಂದು ಪಕ್ಷದವರು ಬೇಡವೆಂದವರು; ಆದುದರಿಂದ ಅವರನ್ನು 'ರ‍್ಯಾಟು'ಗಳು, 'ರ‍್ಯಾಟು' ವಿರೋಧಿಗಳು ಎಂದು ಕರೆಯಬೇಕಾಗಿತ್ತು ಎಂದು ಅವನು ೧೭೮೯ರಲ್ಲಿ ಕಾಂಗ್ರೆಸ್ಸಿನಲ್ಲಿಯೇ ಕುಟುಕಿದನು. ರ‍್ಯಾಟ್ ಎಂದರೆ ಇಲಿಯೆಂಬುದನ್ನು ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೇಡವೆಂದವರು ಒಂದೇ ಬಗೆಯ ಜನರಲ್ಲ. ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ 'ಬ್ರೂಟಸ್' ಎಂಬ ಗುಪ್ತನಾಮದಿಂದ ಬರೆದವನು ಶಾಸ್ತ್ರಜ್ಞಾನವುಳ್ಳವನು. ಪ್ರಜಾರಾಜ್ಯವು ಚಿಕ್ಕ ದೇಶದಲ್ಲಿ ಮಾತ್ರ ಬಾಳುತ್ತದೆ, ಇಷ್ಟು ವಿಶಾಲವಾದ ದೇಶದಲ್ಲಿ ಪ್ರತಿನಿಧಿಗೆ ತನ್ನ ಜನರ ಮುಖಪರಿಚಯವೂ ಇರಲಾರದು ಎಂಬುದು ಅವನ ವಾದ. ಯಾರ ಹತೋಟಿಗೂ ಸಿಗದ ಸುಪ್ರೀಂ ಕೋರ್ಟು ಕ್ರಮೇಣ ರಾಜ್ಯಾಂಗಕ್ಕೆ ತನಗೆ ತೋರಿದ ಅರ್ಥವನ್ನು ಕೊಟ್ಟು ಕೇಂದ್ರವನ್ನು ಬೆಳೆಸುವುದೆಂದು ಅವನು ಆಗಲೇ ಬರೆದಿದ್ದನು. 'ಕೊಲಂಬಿಯಾದ ದೇಶಭಕ್ತ' ಎಂಬ ಹೆಸರಿನಲ್ಲಿ ಬಂದ ಕಟುವಾದ ಕಿರುಹೊತ್ತಗೆಯನ್ನು ಗೆರಿಯೇ ಬರೆದನೆಂದು ಲೋಕ ನೂರು ವರ್ಷಗಳಿಗೂ ಹೆಚ್ಚು ಕಾಲ ನಂಬಿತ್ತು. ಬರೆದವಳು ಮರ್ಸಿ ಓಟಿಸ್ ವಾರನ್ ಎಂಬ ಮಹಿಳೆಯೆಂದು ಇಪ್ಪತ್ತನೆಯ ಶತಮಾನದಲ್ಲಿ ತಿಳಿಯಿತು. ಇವರಿಗಿಂತಲೂ ಮನಸ್ಸಿನಲ್ಲಿ ನಿಲ್ಲುವವನು ಮ್ಯಾಸಚೂಸೆಟ್ಸಿನ ಅಮೋಸ್ ಸಿಂಗಲ್‌ಟರಿ. ಶಾಲೆಯ ಮೆಟ್ಟಿಲು ಹತ್ತದ ಹಳ್ಳಿಗ. ಈ ವಕೀಲರೂ ವಿದ್ವಾಂಸರೂ ಹಣವಂತರೂ ನಯವಾಗಿ ಮಾತನಾಡಿ ಬಡವರಿಗೆ ಮಾತ್ರೆ ನುಂಗಿಸುತ್ತಾರೆ. ತಾವೇ ಕಾಂಗ್ರೆಸ್ಸಿಗೆ ಹೋಗಿ ಎಲ್ಲ ಅಧಿಕಾರವನ್ನೂ ಹಣವನ್ನೂ ಕೈಗೆ ತೆಗೆದುಕೊಂಡು, ದೊಡ್ಡ ಮೀನು ಯೋನನನ್ನು ನುಂಗಿದಂತೆ ಸಣ್ಣ ಜನರನ್ನು ನುಂಗಿಬಿಡುತ್ತಾರೆ ಎಂದು ಅವನು ಸಭೆಯಲ್ಲಿ ಹೇಳಿದನು. ಅವನಿಗೆ ಉತ್ತರ ಕೊಟ್ಟವನೂ ವಿದ್ವಾಂಸನಲ್ಲ. ಜೊನಾಥನ್ ಸ್ಮಿತ್ ಎಂಬ ಒಕ್ಕಲಿಗ. ದಂಗೆಯ ಕಾಲದಲ್ಲಿ ಅರಾಜಕತೆ ಎಂಥದೆಂಬುದನ್ನು ಕಣ್ಣಾರೆ ಕಂಡಿದ್ದೇನೆ, ಅದಕ್ಕೆ ಮದ್ದು ಈ ಕಾಗದದಲ್ಲಿದೆ ಎಂದು ಅವನ ಉತ್ತರ. ಒಂದೇ ಸಂಸ್ಥಾನದ, ಒಂದೇ ದರ್ಜೆಯ ಇಬ್ಬರಲ್ಲಿ ಒಬ್ಬನಿಗೆ ದೂರದ ಸರ್ಕಾರದ ಭಯ, ಮತ್ತೊಬ್ಬನಿಗೆ ಸರ್ಕಾರವೇ ಇಲ್ಲದಿರುವುದರ ಭಯ. ಎರಡೂ ಕಲ್ಪಿತ ಭಯಗಳಲ್ಲ.

ಹೊಸ ರಾಜ್ಯಾಂಗದ ಪಕ್ಷದವರೂ ಎಲ್ಲೆಡೆ ಮರ್ಯಾದೆಯಿಂದ ನಡೆಯಲಿಲ್ಲ. ಪೆನ್ಸಿಲ್ವೇನಿಯಾದ ಶಾಸನಸಭೆಯಲ್ಲಿ ವಿರೋಧಿಗಳು ಕೋರಂ ಮುರಿಯಲು ಸಭೆಗೆ ಬರದೆ ಉಳಿದಾಗ, ಇಬ್ಬರು ಸದಸ್ಯರನ್ನು ಅವರ ಬಿಡಾರದಿಂದ ಗುಂಪೊಂದು ಎಳೆದು ತಂದು ಕುರ್ಚಿಯ ಮೇಲೆ ಕುಳ್ಳಿರಿಸಿ ಕೋರಂ ತುಂಬಿಸಿತು. ಮ್ಯಾಸಚೂಸೆಟ್ಸಿನಲ್ಲಿ ಅಂಥ ಬಲಾತ್ಕಾರ ನಡೆಯುವಂತಿರಲಿಲ್ಲ. ಅಲ್ಲಿ, ಈಗ ಒಪ್ಪಿಬಿಡೋಣ, ಬೇಕಾದ ತಿದ್ದುಪಡಿಗಳನ್ನು ಶಿಫಾರಸು ಮಾಡಿ ಜೊತೆಗೆ ಕಳುಹಿಸೋಣ ಎಂಬ ಸಂಧಾನ ಹುಟ್ಟಿತು. ೧೭೮೮ರ ಫೆಬ್ರವರಿಯಲ್ಲಿ ೧೮೭ಕ್ಕೆ ೧೬೮ ಮತಗಳಿಂದ ರಾಜ್ಯಾಂಗ ಪಾರಾಯಿತು. ಜೂನ್ ಆರಂಭದ ಹೊತ್ತಿಗೆ ಎಂಟು ಸಂಸ್ಥಾನಗಳು ಒಪ್ಪಿದ್ದವು. ಆದರೆ ಹದಿಮೂರರಲ್ಲಿ ಜನಸಂಖ್ಯೆಯಿಂದಲೂ ವಿಸ್ತಾರದಿಂದಲೂ ದೊಡ್ಡದಾದ ವರ್ಜೀನಿಯಾ ಇಲ್ಲದ ಒಕ್ಕೂಟ ನಡುಗಂಬವಿಲ್ಲದ ಮನೆ. ವಾಷಿಂಗ್ಟನ್ನನು ಅಧ್ಯಕ್ಷನಾಗಬೇಕಾದರೂ ಅವನ ಸಂಸ್ಥಾನ ಒಳಗೆ ಬರಬೇಕು.

ಹೀಗೆ ರಿಚ್ಮಂಡಿನಲ್ಲಿ ಹೆನ್ರಿಯ ಎದುರಿಗೆ ನಿಂತವನು ಜೇಮ್ಸ್ ಮ್ಯಾಡಿಸನ್. ಇಷ್ಟು ಅಸಮವಾದ ಜೋಡಿ ಅಪರೂಪ. ಹೆನ್ರಿಯ ಕಂಠ ಸಭೆಯನ್ನು ತುಂಬುವಂಥದು. ಮ್ಯಾಡಿಸನ್ ಕುಳ್ಳನೆಯ ಮೂವತ್ತೇಳು ವರ್ಷದ ಮನುಷ್ಯ, ಆರೋಗ್ಯ ಸಾಲದು, ದನಿ ಎಷ್ಟು ಕ್ಷೀಣವೆಂದರೆ ಇಲ್ಲಿ ಅವನ ಮಾತು ಕೇಳಿಸಲಿಲ್ಲವೆಂದು ಶೀಘ್ರಲಿಪಿಕಾರನು ಹಲವೆಡೆ ಬರೆದಿದ್ದಾನೆ. ಟಿಪ್ಪಣಿಗಳನ್ನು ಹ್ಯಾಟಿನಲ್ಲಿಟ್ಟುಕೊಂಡು ಅದನ್ನು ಕೈಯಲ್ಲಿ ಹಿಡಿದು ಮಾತನಾಡುತ್ತಿದ್ದನು. ನಡುವೆ ಕಾಯಿಲೆ ಬಿದ್ದು ಕೆಲವು ದಿನ ಸಭೆಗೆ ಬರಲಾಗಲಿಲ್ಲ. ಹೆನ್ರಿಯಾದರೋ ದಿನ ಬಿಟ್ಟು ದಿನವಲ್ಲ, ಹೆಚ್ಚು ಕಡಿಮೆ ದಿನದಿನವೂ ಗಂಟೆಗಟ್ಟಲೆ ಮಾತನಾಡಿದನು. ಸೈನ್ಯವೂ ಕೈಯಲ್ಲಿರುವ ಅಧ್ಯಕ್ಷನು ದೊರೆಯಾಗಲು ಮನಸ್ಸು ಮಾಡಿದರೆ ತಡೆಯುವವರು ಯಾರು? ಸಂಸ್ಥಾನದ ಕಂದಾಯದವನೊಬ್ಬ, ಕೇಂದ್ರದ ಕಂದಾಯದವನೊಬ್ಬ, ಇಬ್ಬರೂ ಒಂದೇ ಬಡವನ ಮನೆಯ ಬಾಗಿಲಿಗೆ ಬಂದರೆ ಅವನು ಬದುಕುವುದು ಹೇಗೆ? ಅರವತ್ತೈದೇ ಮಂದಿ ಪ್ರತಿನಿಧಿಗಳ ಸಭೆ ಇಡೀ ದೇಶದ ಜನರನ್ನು ಹೇಗೆ ಪ್ರತಿನಿಧಿಸೀತು? ಧರ್ಮಸ್ವಾತಂತ್ರ್ಯ, ಪತ್ರಿಕಾಸ್ವಾತಂತ್ರ್ಯ, ಪಂಚರ ಮುಂದೆ ವಿಚಾರಣೆ, ಇವುಗಳ ರಕ್ಷಣೆಗೆ ಈ ಕಾಗದದಲ್ಲಿ ಏನಿದೆ?

ಮ್ಯಾಡಿಸನ್ನನ ಉತ್ತರಗಳಲ್ಲಿ ಗುಡುಗಿಲ್ಲ, ಲೆಕ್ಕವಿದೆ. ಇದು ಪೂರ್ತಿ ಒಕ್ಕೂಟವೂ ಅಲ್ಲ, ಪೂರ್ತಿ ಏಕಸರ್ಕಾರವೂ ಅಲ್ಲ, ಲೋಕದಲ್ಲಿ ಹಿಂದೆ ಇಲ್ಲದ ಮಿಶ್ರಣ ಎಂದನು. ಬೇಡಿ ಪಡೆಯುವ ಹಣದಿಂದ ಯಾವ ಒಕ್ಕೂಟವೂ ಬಾಳಲಿಲ್ಲವೆಂದು ಗ್ರೀಸಿನಿಂದ ಹಾಲೆಂಡಿನವರೆಗೆ ಉದಾಹರಣೆ ಕೊಟ್ಟನು. ಸಂಸ್ಥಾನದ ಗವರ್ನರನಾಗಿದ್ದ ಎಡ್ಮಂಡ್ ರ‍್ಯಾಂಡಾಲ್ಫನು, ಫಿಲಡೆಲ್ಫಿಯಾದಲ್ಲಿ ಸಹಿ ಹಾಕದ ಮೂವರಲ್ಲಿ ಮತ್ತೊಬ್ಬನು, ಈಗ ತಿರುಗಿಬಿದ್ದನು. ಎಂಟು ಸಂಸ್ಥಾನಗಳು ಒಪ್ಪಿದ ಮೇಲೆ ಪ್ರಶ್ನೆ ತಿದ್ದುಪಡಿಯದಲ್ಲ, ಒಗ್ಗಟ್ಟು ಬೇಕೆ ಬೇಡವೆ ಎಂಬುದು ಎಂದು ಅವನ ಸಮರ್ಥನೆ. ಹೆನ್ರಿಯ ಅಣಕಕ್ಕೆ ಅವನು ಸಿಟ್ಟಿಗೆದ್ದುದರಿಂದ ಇಬ್ಬರ ನಡುವೆ ದ್ವಂದ್ವಯುದ್ಧ ನಡೆದೀತೆಂಬ ಸ್ಥಿತಿಯೂ ಬಂದಿತ್ತು.

ನ್ಯಾಯಾಲಯಗಳ ವಿಷಯ ಬಂದಾಗ, ಒಂದು ಸಂಸ್ಥಾನವನ್ನು ಸಾಮಾನ್ಯ ಅಪರಾಧಿಯಂತೆ ಕೇಂದ್ರದ ಕಟಕಟೆಗೆ ಎಳೆಯುವುದೆ ಎಂದು ಮೇಸನ್ ಕೇಳಿದನು. ಮುಂದೆ ಮುಖ್ಯ ನ್ಯಾಯಾಧೀಶನಾಗಿ ಪ್ರಸಿದ್ಧನಾದ ಜಾನ್ ಮಾರ್ಷಲ್, ಅಂಥದು ನಡೆಯುವುದೆಂದು ಯಾರೂ ಎಣಿಸಬಾರದು ಎಂದು ಸಮಾಧಾನ ಹೇಳಿದನು. ಐದೇ ವರ್ಷಗಳಲ್ಲಿ, ೧೭೯೩ರಲ್ಲಿ, ಜಾರ್ಜಿಯಾ ಸಂಸ್ಥಾನದ ಮೇಲೆ ಪರಸಂಸ್ಥಾನದವನೊಬ್ಬನು ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟು ವಿಚಾರಣೆಗೆ ಎತ್ತಿಕೊಂಡಿತು. ಅದನ್ನು ತಡೆಯಲು ಹನ್ನೊಂದನೆಯ ತಿದ್ದುಪಡಿಯೇ ಬೇಕಾಯಿತು.

ಇನ್ನೊಂದು ಮಾತನ್ನು ಮರೆಸುವಂತಿಲ್ಲ. ಸ್ವಾತಂತ್ರ್ಯವನ್ನು ಕುರಿತು ಇಷ್ಟು ಮಾತನಾಡಿದ ಹೆನ್ರಿ, ಮೇಸನ್ ಇಬ್ಬರೂ ಗುಲಾಮರ ಒಡೆಯರು. ಮ್ಯಾಡಿಸನ್ನನೂ ಹಾಗೆಯೇ. ಗುಲಾಮರ ಆಮದನ್ನು ಇಪ್ಪತ್ತು ವರ್ಷ ನಿಷೇಧಿಸಬಾರದೆಂಬ ವಿಧಿಯನ್ನು ಮೇಸನ್ ಕಟುವಾಗಿ ನಿಂದಿಸಿದನು. ಇರುವ ಗುಲಾಮರ ಒಡೆತನಕ್ಕೆ ಭದ್ರತೆಯಿಲ್ಲವೆಂದು ಅದೇ ಉಸಿರಿನಲ್ಲಿ ಆಕ್ಷೇಪಿಸಿದನು. ಗುಲಾಮಗಿರಿ ಹೇಯವೆಂದು ಹೆನ್ರಿ ಒಪ್ಪಿದನು. ಆದರೆ ಬಲವಾದ ಕೇಂದ್ರವು ಒಂದು ದಿನ ದೇಶರಕ್ಷಣೆಯ ಹೆಸರಿನಲ್ಲಿ ಗುಲಾಮರನ್ನೆಲ್ಲ ಬಿಡುಗಡೆ ಮಾಡಿಬಿಟ್ಟೀತು ಎಂದು ಸಭೆಯನ್ನು ಹೆದರಿಸಿದವನೂ ಅವನೇ. ಎಪ್ಪತ್ತೈದು ವರ್ಷಗಳ ಮೇಲೆ, ೧೮೬೩ರಲ್ಲಿ, ಲಿಂಕನ್ನನು ಮಾಡಿದುದು ಬಹುಮಟ್ಟಿಗೆ ಅದನ್ನೇ. ಹೆನ್ರಿಯ ಭವಿಷ್ಯವಾಣಿಗಳಲ್ಲಿ ಇಷ್ಟು ಸರಿಯಾಗಿ ಫಲಿಸಿದ್ದು ಬೇರೊಂದಿಲ್ಲ. ಅದು ಫಲಿಸಿದುದಕ್ಕೆ ದುಃಖಿಸುವವರು ಯಾರೂ ಇರಲಾರರು.

ಜೂನ್ ೨೪ರಂದು ಹೆನ್ರಿ ಕೊನೆಯ ಸಲ ದೀರ್ಘವಾಗಿ ಮಾತನಾಡಿದನು. ತಿದ್ದುಪಡಿ ಮೊದಲು, ಒಪ್ಪಿಗೆ ಆಮೇಲೆ ಎಂಬುದು ಅವನ ಪಟ್ಟು. ತಾಳಿ ಕಟ್ಟಿದ ಮೇಲೆ ಜಾತಕ ನೋಡುವ ಪದ್ಧತಿ ಅವನಿಗೆ ಒಪ್ಪಿಗೆಯಿರಲಿಲ್ಲ. ಈ ಸಭೆಯ ತೀರ್ಮಾನವನ್ನು ಮೇಲಿನ ಲೋಕದ ಜೀವಿಗಳು ಸಹ ನೋಡುತ್ತಿದ್ದಾರೆಂದು ಅವನು ಆಕಾಶದತ್ತ ಮನಸ್ಸನ್ನು ಸೆಳೆಯುತ್ತಿರುವಾಗಲೇ ಬಿರುಗಾಳಿ ಎದ್ದಿತು. ಸಭೆ ಎಷ್ಟು ಅಸ್ತವ್ಯಸ್ತವಾಯಿತೆಂದರೆ ಹೆನ್ರಿ ಮಾತನ್ನು ನಿಲ್ಲಿಸಲೇಬೇಕಾಯಿತೆಂದು ಶೀಘ್ರಲಿಪಿಕಾರನು ಒಂದು ಸಾಲಿನಲ್ಲಿ ಬರೆದಿದ್ದಾನೆ. ಮರುದಿನ ಮತದಾನ. ತಿದ್ದುಪಡಿ ಮೊದಲು ಎಂಬ ಸೂಚನೆ ೮೦ಕ್ಕೆ ೮೮ರಿಂದ ಬಿದ್ದಿತು. ರಾಜ್ಯಾಂಗಕ್ಕೆ ಒಪ್ಪಿಗೆ ೮೯, ವಿರೋಧ ೭೯. ಐದು ಮಂದಿ ಆಚೆ ಕುಳಿತಿದ್ದರೆ ಅಮೆರಿಕದ ಚರಿತ್ರೆ ಬೇರೆ ದಾರಿ ಹಿಡಿಯುತ್ತಿತ್ತು. ನಾಲ್ಕು ದಿನ ಮೊದಲೇ ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಗಿ ಒಪ್ಪಿತ್ತೆಂಬ ಸುದ್ದಿ ಆಗಿನ್ನೂ ರಿಚ್ಮಂಡನ್ನು ಮುಟ್ಟಿರಲಿಲ್ಲ.

ಮತದಾನಕ್ಕೆ ಮುಂಚೆ ಹೆನ್ರಿ ಆಡಿದ ಮಾತು ಅವನ ಗುಡುಗಿಗಿಂತ ದೊಡ್ಡದು. ಸೋತರೆ ದುಃಖವಾದೀತು, ಆದರೂ ಶಾಂತ ನಾಗರಿಕನಾಗಿ ಇರುತ್ತೇನೆ, ಈ ವ್ಯವಸ್ಥೆಯ ದೋಷಗಳನ್ನು ರಾಜ್ಯಾಂಗಬದ್ಧ ಮಾರ್ಗದಿಂದಲೇ ತಿದ್ದಲು ತನ್ನ ತಲೆ, ಕೈ, ಹೃದಯಗಳು ಸ್ವತಂತ್ರವಾಗಿರುತ್ತವೆ ಎಂದನು. ದಂಗೆಯ ನೆನಪು ಹಸಿಯಾಗಿದ್ದ ದೇಶದಲ್ಲಿ, ಅರ್ಧಕ್ಕೆ ಹತ್ತಿರ ಮತಗಳು ಬೆನ್ನಿಗಿರುವಾಗ ಈ ಮಾತನ್ನಾಡುವುದು ಸಣ್ಣ ಸಂಗತಿಯಲ್ಲ.

ಕೈ ಸ್ವತಂತ್ರವಾಗಿತ್ತೆಂಬುದನ್ನು ಮ್ಯಾಡಿಸನ್ ಬೇಗನೆ ಅರಿತನು. ವರ್ಜೀನಿಯಾದ ಶಾಸನಸಭೆ ಹೆನ್ರಿಯ ಮುಷ್ಟಿಯಲ್ಲಿತ್ತು. ಆ ಸಭೆ ಮ್ಯಾಡಿಸನ್ನನನ್ನು ಕೈಬಿಟ್ಟು ಇಬ್ಬರು ವಿರೋಧಿಗಳನ್ನು ಸೆನೆಟ್ಟಿಗೆ ಕಳುಹಿಸಿತು. ಕೆಳಮನೆಗೆ ನಿಲ್ಲೋಣವೆಂದರೆ, ವಿರೋಧಿಗಳು ಹೆಚ್ಚಾಗಿದ್ದ ತಾಲ್ಲೂಕುಗಳನ್ನು ಅವನ ಕ್ಷೇತ್ರಕ್ಕೆ ಸೇರಿಸಲಾಗಿತ್ತು. ಎದುರಾಳಿ ಅವನ ಸ್ನೇಹಿತನೇ ಆದ ಜೇಮ್ಸ್ ಮನ್ರೋ. ಹಿಮ ಸುರಿಯುವ ಚಳಿಗಾಲದಲ್ಲಿ ಇಬ್ಬರೂ ಜೊತೆಯಾಗಿ ಸುತ್ತಿ ಒಂದೇ ವೇದಿಕೆಯಲ್ಲಿ ವಾದಿಸಿದರು. ಒಂದು ರಾತ್ರಿ ಕುದುರೆಯ ಮೇಲೆ ಹಿಂದಿರುಗುವಾಗ ಕೊರೆಯುವ ಚಳಿಗೆ ಮ್ಯಾಡಿಸನ್ನನ ಮೂಗು ಮರಗಟ್ಟಿತು. ಆ ಗುರುತನ್ನು ಅವನು ಮುಪ್ಪಿನಲ್ಲಿಯೂ ತೋರಿಸುತ್ತಿದ್ದನಂತೆ. ಹಕ್ಕುಗಳ ಘೋಷಣೆ ಅನಾವಶ್ಯಕವೆನ್ನುತ್ತಿದ್ದವನು ಈಗ ಅದನ್ನು ತರುತ್ತೇನೆಂದು ಮತದಾರರಿಗೆ, ವಿಶೇಷವಾಗಿ ಧರ್ಮಸ್ವಾತಂತ್ರ್ಯಕ್ಕಾಗಿ ಕಾತರರಾಗಿದ್ದ ಬ್ಯಾಪ್ಟಿಸ್ಟರಿಗೆ, ಮಾತು ಕೊಟ್ಟನು. ೧,೩೦೮ ಮತ ಅವನಿಗೆ, ೯೭೨ ಮನ್ರೋಗೆ.

ಕೊಟ್ಟ ಮಾತನ್ನು ಅವನು ಉಳಿಸಿಕೊಂಡನು. ೧೭೮೯ರ ಜೂನ್ ೮ರಂದು, ಕೇಳಲು ಸಹನೆಯಿಲ್ಲದ ಸಭೆಯ ಮುಂದೆ, ತಿದ್ದುಪಡಿಗಳನ್ನು ಮಂಡಿಸಿದನು. ಕಾಂಗ್ರೆಸ್ ಒಪ್ಪಿ ಕಳುಹಿಸಿದ ಹನ್ನೆರಡರಲ್ಲಿ ಹತ್ತು, ೧೭೯೧ರ ಡಿಸೆಂಬರ್ ೧೫ರಂದು, ವರ್ಜೀನಿಯಾದ ಒಪ್ಪಿಗೆಯೊಡನೆಯೇ ಜಾರಿಗೆ ಬಂದವು. ಅಮೆರಿಕದವರು ತಮ್ಮ ರಾಜ್ಯಾಂಗವೆಂದೊಡನೆ ಇಂದು ಮೊದಲು ನೆನೆಯುವ ವಾಕ್‌ಸ್ವಾತಂತ್ರ್ಯ, ಧರ್ಮಸ್ವಾತಂತ್ರ್ಯ, ಪಂಚರ ವಿಚಾರಣೆ ಎಲ್ಲವೂ ಆ ಹತ್ತರಲ್ಲಿವೆ. ಕಾನೂನಿನ ಯುಕ್ತ ಕ್ರಮವಿಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯಬಾರದೆಂಬ ಮಾತು ಅವುಗಳಲ್ಲಿ ಐದನೆಯದರಲ್ಲಿದೆ. ಮಂಗಳೂರಿನ ಬೆನಗಲ್ ನರಸಿಂಗ ರಾಯರು ಭಾರತದ ಸಂವಿಧಾನ ಸಭೆಯ ಸಲಹೆಗಾರರಾಗಿ ೧೯೪೭ರಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ನ್ಯಾಯಾಧೀಶ ಫ್ರ್ಯಾಂಕ್‌ಫರ್ಟರರೊಡನೆ ಚರ್ಚಿಸಿದ್ದು ಈ ಮಾತನ್ನೇ. ಅದು ನ್ಯಾಯಾಧೀಶರಿಗೆ ಮಿತಿಮೀರಿದ ಅಧಿಕಾರ ಕೊಡುವುದೆಂದು ಅವರ ಅಭಿಪ್ರಾಯ. ಭಾರತದ ಸಂವಿಧಾನದಲ್ಲಿ ಕೊನೆಗೆ ಬೇರೆ ಪದಗಳು ಬಂದವು. ನ್ಯಾಯಾಲಯಗಳನ್ನು ಕುರಿತು ಬ್ರೂಟಸ್ ಪಟ್ಟಿದ್ದ ಅಂಜಿಕೆ, ಬ್ರೂಟಸನ ಪಕ್ಷದವರು ಹಟ ಹಿಡಿದು ಪಡೆದ ವಿಧಿಯ ವಿಷಯದಲ್ಲಿಯೇ, ಹೀಗೆ ಮತ್ತೆ ತಲೆಯೆತ್ತಿತು.

ಹೆನ್ರಿಗೆ ಮಾತ್ರ ತೃಪ್ತಿಯಾಗಲಿಲ್ಲ. ವರ್ಜೀನಿಯಾ ಕೇಳಿದ್ದು ನಲವತ್ತು ತಿದ್ದುಪಡಿಗಳು. ಅವುಗಳಲ್ಲಿ ಇಪ್ಪತ್ತು ಜನರ ಹಕ್ಕುಗಳಿಗೆ ಸೇರಿದವು. ಉಳಿದ ಇಪ್ಪತ್ತು ಕೇಂದ್ರದ ತೆರಿಗೆ, ಸೈನ್ಯ, ನ್ಯಾಯಾಲಯ ಮೊದಲಾದವುಗಳ ಅಧಿಕಾರವನ್ನು ಕತ್ತರಿಸುವಂಥವು. ಮ್ಯಾಡಿಸನ್ ಮೊದಲನೆಯ ರಾಶಿಯಿಂದ ಕೈತುಂಬ ತೆಗೆದುಕೊಂಡು, ಎರಡನೆಯ ರಾಶಿಯನ್ನು ಬಹುಮಟ್ಟಿಗೆ ಮುಟ್ಟದೆ ಬಿಟ್ಟನು. ಕೊಡದಿರುವ ಅಧಿಕಾರಗಳು ಸಂಸ್ಥಾನಗಳಿಗೂ ಜನರಿಗೂ ಸೇರಿದವು ಎನ್ನುವ ಹತ್ತನೆಯ ತಿದ್ದುಪಡಿಯಲ್ಲಿ, 'ಸ್ಪಷ್ಟವಾಗಿ' ಕೊಡದಿರುವ ಎಂಬ ಒಂದು ಪದವನ್ನು ಸೇರಿಸಲು ವಿರೋಧಿಗಳು ಮಾಡಿದ ಪ್ರಯತ್ನವೂ ಬಿದ್ದುಹೋಯಿತು. ಕೇಂದ್ರದ ಕೈ ಎಷ್ಟು ಉದ್ದವೆಂಬ ಜಗಳ ಅಲ್ಲಿಂದ ಇಂದಿನವರೆಗೆ ಅಮೆರಿಕದ ನ್ಯಾಯಾಲಯಗಳಲ್ಲಿ ನಡೆದೇ ಇದೆ.

ಹತ್ತು ವರ್ಷಗಳಲ್ಲಿ ಪಾತ್ರಗಳು ಅದಲುಬದಲಾದವು. ಸರ್ಕಾರವನ್ನು ಟೀಕಿಸುವ ಬರಹಗಳಿಗೆ ಸೆರೆಮನೆ ವಿಧಿಸುವ ಕಾಯಿದೆಯನ್ನು ೧೭೯೮ರಲ್ಲಿ ಕೇಂದ್ರವು ಹೊರಡಿಸಿದಾಗ, ಅದರ ವಿರುದ್ಧ ಸಂಸ್ಥಾನಗಳ ಅಧಿಕಾರವನ್ನು ಎತ್ತಿಹಿಡಿದು ವರ್ಜೀನಿಯಾದ ಶಾಸನಸಭೆಗೆ ನಿರ್ಣಯಗಳನ್ನು ಬರೆದುಕೊಟ್ಟವನು ಮ್ಯಾಡಿಸನ್. ಒಕ್ಕೂಟ ಒಡೆದೀತೆಂದು ಕಳವಳಗೊಂಡ ವಾಷಿಂಗ್ಟನ್ನನು ಮುದಿ ಹೆನ್ರಿಗೆ ಕಾಗದ ಬರೆದು, ಮತ್ತೆ ಶಾಸನಸಭೆಗೆ ನಿಲ್ಲಬೇಕೆಂದು ಬೇಡಿಕೊಂಡನು. ೧೭೯೯ರ ಮಾರ್ಚಿಯಲ್ಲಿ ರೋಗಪೀಡಿತನಾದ ಹೆನ್ರಿ ಷಾರ್ಲಟ್ ಪ್ರಾಂತದ ನ್ಯಾಯಾಲಯದ ಮುಂದೆ ನೆರೆದ ಜನರಿಗೆ, ಕೇಂದ್ರದ ಕಾಯಿದೆಗಳ ಸಿಂಧುತ್ವವನ್ನು ಒಂದು ಸಂಸ್ಥಾನ ತೀರ್ಮಾನಿಸುವಂತಿಲ್ಲವೆಂದು ಹೇಳಿದನು. ಜನ ಅವನನ್ನು ಗೆಲ್ಲಿಸಿದರು. ಸಭೆಯಲ್ಲಿ ಆ ವರ್ಷ ಅವನಿಗೆ ಎದುರಾಗಿ ಕೂರಲು ಮ್ಯಾಡಿಸನ್ನನೂ ಆರಿಸಿ ಬಂದಿದ್ದನು. ಆದರೆ ಸಭೆ ಸೇರುವ ಮೊದಲೇ, ಜೂನ್ ೬ರಂದು, ಹೆನ್ರಿ ತೀರಿಕೊಂಡನು.